ಲಿನಕ್ಸ್ ಫೈರ್‌ವಾಲ್ ಸಾಧನಗಳ ಕ್ರ್ಯಾಶ್: ಅಪ್‌ಗ್ರೇಡ್ ನಂತರದ ದೋಷನಿವಾರಣೆ

ಲಿನಕ್ಸ್ ಗಣಕದಲ್ಲಿ ಫೈರ್‌ವಾಲ್ ನಿಯಮಗಳನ್ನು ಬರೆದು ಜಾರಿಗೊಳಿಸುವ ಪ್ರೋಗ್ರಾಂ ತನ್ನದೋ, ತಾನು ನೆಚ್ಚಿಕೊಂಡ ಬೇರೊಂದು ತಂತ್ರಾಂಶದ್ದೋ ಆವೃತ್ತಿ ಬದಲಾದ ಮೇಲೆ ತೆರೆಯದೆ ಹೋಗುವುದು, ನಡುವೆಯೇ ಮುಚ್ಚಿಕೊಳ್ಳುವುದು ಅಥವಾ ನಿಯಮಗಳನ್ನು ಕರ್ನಲ್‌ಗೆ ತಲುಪಿಸಲಾಗದೆ ನಿಲ್ಲುವುದನ್ನು ಅಪ್‌ಗ್ರೇಡ್ ನಂತರದ ಕ್ರ್ಯಾಶ್ ಎನ್ನುತ್ತಾರೆ. ಇಂಥ ಕ್ರ್ಯಾಶ್‌ನ ಮೂಲ ಹುಡುಕಿ, ಗಣಕದ ರಕ್ಷಣೆ ತಪ್ಪದಂತೆ ಸಾಧನವನ್ನು ಮತ್ತೆ ಕೆಲಸಕ್ಕೆ ತರುವುದು ಅದರ ದೋಷನಿವಾರಣೆ. ಪದಸಂಸ್ಕಾರಕವೊಂದು ಕ್ರ್ಯಾಶ್ ಆದರೆ ಒಬ್ಬರ ಕೆಲಸ ನಿಲ್ಲುತ್ತದೆ. ಫೈರ್‌ವಾಲ್ ಸಾಧನ ಕ್ರ್ಯಾಶ್ ಆದರೆ ಗಣಕದ ಬಾಗಿಲು ತೆರೆದುಕೊಂಡಿದೆಯೋ, ಮುಚ್ಚಿಕೊಂಡಿದೆಯೋ, ಮೊದಲಿದ್ದಂತೆಯೇ ಇದೆಯೋ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಕ್ರ್ಯಾಶ್ ಯಾವ ಪದರದಲ್ಲಿ ಆಯಿತು ಎಂಬುದನ್ನು ಅವಲಂಬಿಸಿ ಇದರ ಉತ್ತರ ಬದಲಾಗುತ್ತದೆ.

ಪರಿಭಾಷೆ

ಫೈರ್‌ವಾಲ್ ಎಂಬ ಪದವನ್ನು ಬಳಕೆಯಲ್ಲಿ ಎರಡು ವಸ್ತುಗಳಿಗೆ ಅನ್ವಯಿಸುತ್ತಾರೆ. ಬಂದುಹೋಗುವ ಪ್ಯಾಕೆಟ್‌ಗಳನ್ನು ತಡೆದು ಸೋಸುವ ಕೆಲಸ ಕರ್ನಲ್‌ನೊಳಗಿನ ನೆಟ್‌ಫಿಲ್ಟರ್ ಚೌಕಟ್ಟಿನದು. ಅದಕ್ಕೆ ನಿಯಮಗಳನ್ನು ಒದಗಿಸುವ ಪ್ರೋಗ್ರಾಂ ಸಂರಚನಾ ಸಾಧನ. ಈ ಲೇಖನದಲ್ಲಿ ಸಾಧನ ಎಂದಾಗ ಎರಡನೆಯದನ್ನು ಮಾತ್ರ ಗ್ರಹಿಸಬೇಕು.

ಕ್ರ್ಯಾಶ್ ಎಂಬ ಮಾತಿಗೂ ಎಲ್ಲೆ ಬೇಕು. ಪೈಥಾನ್‌ನಂಥ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನಿಭಾಯಿಸಲಾಗದ ಎಕ್ಸೆಪ್ಷನ್ ಎದುರಾದಾಗ ಟ್ರೇಸ್‌ಬ್ಯಾಕ್ ಮುದ್ರಿಸಿ ನಿಲ್ಲುತ್ತದೆ. ಸಿ ಭಾಷೆಯ ಲೈಬ್ರರಿಯೊಳಗೆ ತಪ್ಪಾದರೆ ಸೆಗ್ಮೆಂಟೇಷನ್ ಫಾಲ್ಟ್ ಆಗಿ ಕರ್ನಲ್ ಆ ಪ್ರೋಗ್ರಾಂ ಅನ್ನು ಕೊಲ್ಲುತ್ತದೆ, ಟ್ರೇಸ್‌ಬ್ಯಾಕ್ ಉಳಿಯುವುದಿಲ್ಲ, ಕೋರ್ ಡಂಪ್ ಮಾತ್ರ ಸಿಗುತ್ತದೆ. ಇವೆರಡೂ ಅಲ್ಲದ ಮೂರನೆಯದೊಂದಿದೆ: ಪ್ರೋಗ್ರಾಂ ಜೀವಂತವಿದ್ದೂ ತಾನು ಕಳಿಸಿದ ನಿಯಮವನ್ನು ಕರ್ನಲ್ ತಿರಸ್ಕರಿಸಿದ್ದರಿಂದ ಕೆಲಸ ಮಾಡದಿರುವುದು. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಕ್ರ್ಯಾಶ್ ಅಲ್ಲ. ಆದರೂ ಬಳಕೆದಾರರು ಮೂರನ್ನೂ ಒಂದೇ ಹೆಸರಿನಿಂದ ದೂರುವುದರಿಂದ ಇಲ್ಲಿ ಮೂರನ್ನೂ ಸೇರಿಸಿದೆ.

ಹಿನ್ನೆಲೆ

ಲಿನಕ್ಸ್‌ನ ಪ್ಯಾಕೆಟ್ ಸೋಸುವಿಕೆಯ ಇತಿಹಾಸವೇ ಬದಲಾವಣೆಗಳ ಇತಿಹಾಸ. ಕರ್ನಲ್ 2.0ರ ಕಾಲದಲ್ಲಿ ಐಪಿಎಫ್‌ಡಬ್ಲ್ಯುಎಡಿಎಂ ಬಳಕೆಯಲ್ಲಿತ್ತು. 1999ರ 2.2ರಲ್ಲಿ ಐಪಿಚೈನ್ಸ್ ಬಂತು. ರಸ್ಟಿ ರಸೆಲ್ ಆರಂಭಿಸಿದ ನೆಟ್‌ಫಿಲ್ಟರ್ ಯೋಜನೆಯ ಫಲವಾಗಿ 2001ರ 2.4ರಲ್ಲಿ ಐಪಿಟೇಬಲ್ಸ್ ಅದರ ಜಾಗಕ್ಕೆ ಬಂತು. ಪ್ಯಾಟ್ರಿಕ್ ಮೆಕ್‌ಹಾರ್ಡಿ ಹೊಸದಾಗಿ ರೂಪಿಸಿದ ಎನ್‌ಎಫ್‌ಟೇಬಲ್ಸ್ 2014ರ ಜನವರಿಯಲ್ಲಿ ಕರ್ನಲ್ 3.13ರೊಳಗೆ ಸೇರಿತು. ಪ್ರತಿ ಸಲವೂ ಕೆಳಗಿನ ಆಧಾರ ಬದಲಾದಾಗ ಮೇಲಿನ ಸಾಧನಗಳನ್ನು ಮತ್ತೆ ಬರೆಯಬೇಕಾಯಿತು. ಬರೆಯುವವರು ಇಲ್ಲದ ಸಾಧನಗಳು ನಿಂತುಹೋದವು.

ಗ್ನೋಮ್ 2ರ ಕಾಲದ ಜನಪ್ರಿಯ ಚಿತ್ರಾತ್ಮಕ ಸಾಧನ ಫೈರ್‌ಸ್ಟಾರ್ಟರ್‌ನ ಕೊನೆಯ ಸ್ಥಿರ ಬಿಡುಗಡೆ 1.0.3, ಬಂದದ್ದು 2005ರಲ್ಲಿ. ರೆಡ್ ಹ್ಯಾಟ್ ಕುಟುಂಬದ ವಿತರಣೆಗಳಲ್ಲಿದ್ದ ಸಿಸ್ಟಂ-ಕಾನ್ಫಿಗ್-ಫೈರ್‌ವಾಲ್ ಪೈಜಿಟಿಕೆಯನ್ನು ನೆಚ್ಚಿಕೊಂಡಿತ್ತು. ಒಂದು ನಿಯಮ ಬದಲಾದರೂ ಇಡೀ ಪಟ್ಟಿಯನ್ನು ಅಳಿಸಿ ಮತ್ತೆ ತುಂಬುವುದು ಅದರ ಮಿತಿಯಾಗಿತ್ತು. ಈ ಕೊರತೆ ನೀಗಲು ರೆಡ್ ಹ್ಯಾಟ್‌ನ ಥಾಮಸ್ ವೋರ್ನರ್ ಫೈರ್‌ವಾಲ್‌ಡಿಯನ್ನು ರೂಪಿಸಿದರು. 2013ರ ಜನವರಿಯಲ್ಲಿ ಹೊರಬಂದ ಫೆಡೋರಾ 18ರಲ್ಲಿ ಅದು ಪೂರ್ವನಿಗದಿತ ಸಾಧನವಾಯಿತು. 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ಕ್ಕೂ ಬಂತು. ಸೂಸೆ ತನ್ನ ಹಳೆಯ ಸೂಸೆಫೈರ್‌ವಾಲ್2 ಕೈಬಿಟ್ಟು 2018ರ ಲೀಪ್ 15.0ರಲ್ಲಿ ಫೈರ್‌ವಾಲ್‌ಡಿಯನ್ನು ಒಪ್ಪಿಕೊಂಡಿತು. ಇತ್ತ ಉಬುಂಟು 8.04ರಲ್ಲಿ, ಅಂದರೆ 2008ರಲ್ಲಿ, ಜೇಮಿ ಸ್ಟ್ರಾಂಡ್‌ಬೋಗ್ ಬರೆದ ಯುಎಫ್‌ಡಬ್ಲ್ಯು ಕಾಣಿಸಿಕೊಂಡಿತು. ಅದಕ್ಕೆ ಚಿತ್ರಾತ್ಮಕ ಮುಖ ಕೊಡುವ ಸಾಧನ ಜಿಯುಎಫ್‌ಡಬ್ಲ್ಯು. ಥಾಮಸ್ ಈಸ್ಟೆಪ್ ಕಟ್ಟಿ ಬೆಳೆಸಿದ ಶೋರ್‌ವಾಲ್ ಇದೇ ಸಾಲಿನ ಮತ್ತೊಂದು ದೊಡ್ಡ ಹೆಸರು. 2019ರಲ್ಲಿ ಅವರು ನಿರ್ವಹಣೆಯಿಂದ ನಿವೃತ್ತರಾದರು.

ರಚನೆ

ಇಂದಿನ ಸಾಧನವೊಂದು ಪದರ ಪದರವಾಗಿ ಕಟ್ಟಿದ ವಸ್ತು. ಫೈರ್‌ವಾಲ್‌ಡಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ತೀರ ಮೇಲೆ ಬಳಕೆದಾರನಿಗೆ ಕಾಣುವ ಪ್ರೋಗ್ರಾಂಗಳಿವೆ: ಜಿಟಿಕೆ 3ರಲ್ಲಿ ಬರೆದ ಫೈರ್‌ವಾಲ್-ಕಾನ್ಫಿಗ್ ಕಿಟಕಿ, ಆದೇಶಸಾಲಿನ ಫೈರ್‌ವಾಲ್-ಸಿಎಂಡಿ, ಕ್ಯೂಟಿಯಲ್ಲಿ ಬರೆದ ಆಪ್ಲೆಟ್. ಇವು ನಿಯಮಗಳನ್ನು ತಾವೇ ಮುಟ್ಟುವುದಿಲ್ಲ. ಡಿ-ಬಸ್ ಎಂಬ ಸಂದೇಶವಾಹಕದ ಮೂಲಕ ಹಿನ್ನೆಲೆ ಸೇವೆಗೆ ಕೋರಿಕೆ ಕಳಿಸುತ್ತವೆ. ಕೋರಿದವರಿಗೆ ಅಧಿಕಾರವಿದೆಯೇ ಎಂದು ಪೋಲ್‌ಕಿಟ್ ನೋಡುತ್ತದೆ. ಸೇವೆಯೂ ಪೈಥಾನ್ ಪ್ರೋಗ್ರಾಮೇ. ಅದು ಎಕ್ಸ್‌ಎಂಎಲ್ ಕಡತಗಳಿಂದ ವಲಯಗಳನ್ನು (ಇಂಟರ್‌ಫೇಸ್‌ಗಳಿಗೆ ಅನ್ವಯಿಸುವ ನಿಯಮಗಳ ಗುಂಪುಗಳನ್ನು) ಓದಿ, ಎನ್‌ಎಫ್‌ಟೇಬಲ್ಸ್ ಅಥವಾ ಐಪಿಟೇಬಲ್ಸ್ ಬ್ಯಾಕೆಂಡ್‌ನ ಭಾಷೆಗೆ ತಿರುಗಿಸಿ ಕರ್ನಲ್‌ಗೆ ಒಪ್ಪಿಸುತ್ತದೆ. ವಲಯಗಳ ಮೂಲ ಪ್ರತಿಗಳು ಯುಎಸ್‌ಆರ್ ಕೋಶದ ಲಿಬ್ ಉಪಕೋಶದಲ್ಲಿರುತ್ತವೆ. ಆಡಳಿತಗಾರ ಮಾಡಿದ ಬದಲಾವಣೆಗಳು ಇಟಿಸಿ ಕೋಶದೊಳಗಿನ ಫೈರ್‌ವಾಲ್‌ಡಿ ಉಪಕೋಶದಲ್ಲಿ ಕೂರುತ್ತವೆ, ಒಂದೇ ಹೆಸರಿನ ಕಡತ ಎರಡೂ ಕಡೆ ಇದ್ದರೆ ಇಟಿಸಿಯದೇ ನಡೆಯುತ್ತದೆ.

ಯುಎಫ್‌ಡಬ್ಲ್ಯು ರಚನೆ ಇದಕ್ಕಿಂತ ಸರಳ. ಅದರಲ್ಲಿ ಸದಾ ಎಚ್ಚರವಿರುವ ಸೇವೆ ಇಲ್ಲ. ಆದೇಶ ಕೊಟ್ಟಾಗ ಪೈಥಾನ್ ಪ್ರೋಗ್ರಾಂ ಓಡಿ, ಐಪಿಟೇಬಲ್ಸ್ ಆದೇಶವನ್ನು ಕರೆದು ಮುಗಿಯುತ್ತದೆ. ಗಣಕ ಏಳುವಾಗ ಒಂದು ಶೆಲ್ ಸ್ಕ್ರಿಪ್ಟ್ ನಿಯಮಗಳನ್ನು ತುಂಬುತ್ತದೆ.

ಈ ರಚನೆಯಿಂದ ಹೊರಡುವ ಮುಖ್ಯ ಸಂಗತಿ: ಕಿಟಕಿ ಕ್ರ್ಯಾಶ್ ಆದರೆ ನಿಯಮಗಳಿಗೆ ಏನೂ ಆಗುವುದಿಲ್ಲ, ಅವು ಕರ್ನಲ್‌ನಲ್ಲಿ ಇದ್ದಂತೆಯೇ ಇರುತ್ತವೆ. ಸೇವೆಯ ವಿಷಯದಲ್ಲಿ ಹೀಗೆ ಒಂದೇ ಮಾತಿನಲ್ಲಿ ಹೇಳಲಾಗದು. ಫೈರ್‌ವಾಲ್‌ಡಿಯನ್ನು ಕ್ರಮಬದ್ಧವಾಗಿ ನಿಲ್ಲಿಸಿದರೆ ಅದು ಪೂರ್ವನಿಗದಿತ ಸೆಟ್ಟಿಂಗ್‌ನಂತೆ ತಾನು ಹಾಕಿದ ನಿಯಮಗಳನ್ನೆಲ್ಲ ತೆಗೆದು ಹೋಗುತ್ತದೆ, ಆಗ ಗಣಕ ತೆರೆದುಕೊಳ್ಳುತ್ತದೆ. ಅದೇ ಸೇವೆ ಹಠಾತ್ತಾಗಿ ಸತ್ತರೆ ತೆಗೆಯುವ ಅವಕಾಶವೇ ಇರುವುದಿಲ್ಲವಾದ್ದರಿಂದ ಹಳೆಯ ನಿಯಮಗಳು ಸಾಮಾನ್ಯವಾಗಿ ಉಳಿಯುತ್ತವೆ. ಇದಕ್ಕೂ ಒಂದು ಅಪವಾದವಿದೆ. ಎನ್‌ಎಫ್‌ಟೇಬಲ್ಸ್‌ನಲ್ಲಿ ಕೋಷ್ಟಕವೊಂದಕ್ಕೆ ಒಡೆತನದ ಗುರುತು ಹಾಕಬಹುದು. ಉಳಿಸಿಕೊಳ್ಳುವ ಗುರುತು ಜೊತೆಗಿಲ್ಲದಿದ್ದರೆ ಒಡೆಯ ಪ್ರೋಗ್ರಾಂ ಸತ್ತೊಡನೆ ಆ ಕೋಷ್ಟಕವೂ ಅಳಿಯುತ್ತದೆ. ಆದ್ದರಿಂದ ಸೇವೆ ಸತ್ತ ಗಣಕದಲ್ಲಿ ನಿಯಮಗಳಿವೆ ಎಂದಾಗಲಿ ಇಲ್ಲ ಎಂದಾಗಲಿ ಊಹಿಸದೆ, ಎನ್‌ಎಫ್‌ಟೇಬಲ್ಸ್‌ನ ಎನ್‌ಎಫ್‌ಟಿ ಆದೇಶದಿಂದ ಇಡೀ ನಿಯಮಪಟ್ಟಿಯನ್ನು ತೆಗೆದು ನೋಡುವುದೇ ಸರಿಯಾದ ಕ್ರಮ.

ಕ್ರ್ಯಾಶ್‌ನ ಬಗೆಗಳು

ಪೈಥಾನ್ ಬದಲಾವಣೆಯಿಂದಾದವು. ಬಗೆಗಳಲ್ಲೆಲ್ಲ ಹೆಚ್ಚು ಪರಿಚಿತವಾದುದು ಇದು. ಫೈರ್‌ವಾಲ್‌ಡಿ, ಯುಎಫ್‌ಡಬ್ಲ್ಯು, ಜಿಯುಎಫ್‌ಡಬ್ಲ್ಯು ಮೂರೂ ಪೈಥಾನ್‌ನವು. ಪೈಥಾನ್‌ನ ಲೈಬ್ರರಿಗಳು ಸಾಮಾನ್ಯವಾಗಿ ಆವೃತ್ತಿಯ ಹೆಸರು ಹೊತ್ತ ಕೋಶಗಳಲ್ಲಿ ಕೂರುವುದರಿಂದ 3.11ಕ್ಕೆಂದು ಹಾಕಿದ ಮಾಡ್ಯೂಲ್ 3.12ಕ್ಕೆ ಕಾಣುವುದಿಲ್ಲ.

ಇದರ ಮಾದರಿ ಪ್ರಸಂಗ ಸೆಂಟ್‌ಒಎಸ್ 7ರದು. ಆ ವಿತರಣೆಯ ಸ್ವಂತ ಪೈಥಾನ್ 2.7. ಹೊಸ ಪೈಥಾನ್ 3 ಬೇಕೆಂದವರು ಅದನ್ನು ಕಂಪೈಲ್ ಮಾಡಿ, ಯುಎಸ್‌ಆರ್-ಬಿನ್ ಕೋಶದ ಪೈಥಾನ್ ಕೊಂಡಿಯನ್ನೇ ಅದರತ್ತ ತಿರುಗಿಸುತ್ತಿದ್ದರು. ಫೈರ್‌ವಾಲ್-ಸಿಎಂಡಿಯ ಮೊದಲ ಸಾಲು ಹೇಳುವುದು ಆ ಕೊಂಡಿಯನ್ನೇ. ಮುಂದಿನ ಸಲ ಆದೇಶ ಕೊಟ್ಟಾಗ ಜಿಐ ಎಂಬ ಮಾಡ್ಯೂಲ್ ಇಲ್ಲವೆಂದು ಅದು ಬಿದ್ದುಹೋಗುತ್ತಿತ್ತು; ಪ್ಯಾಕೇಜ್ ಹಾಕುವ ಯಮ್ ಕೂಡ ಅದೇ ಕಾರಣಕ್ಕೆ ಕೆಡುತ್ತಿದ್ದುದರಿಂದ ಮತ್ತೆ ಅನುಸ್ಥಾಪಿಸುವ ದಾರಿಯೂ ಮುಚ್ಚುತ್ತಿತ್ತು. ಸ್ಕ್ರಿಪ್ಟ್‌ಗಳ ಮೊದಲ ಸಾಲನ್ನು ಒಂದೊಂದಾಗಿ ತಿದ್ದುವುದು ಆಗ ಹೆಚ್ಚು ಪ್ರಚಾರ ಪಡೆದ ಪರಿಹಾರ. ಅದು ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುವ ತೇಪೆ. ಕೊಂಡಿಯನ್ನು 2.7ಕ್ಕೆ ಮರಳಿಸಿ, ಹೊಸ ಪೈಥಾನ್ ಅನ್ನು ಬೇರೆ ಹೆಸರಿನಿಂದ ಕರೆಯುವುದೇ ನಿಜವಾದ ಪರಿಹಾರ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಈ ಪಾಠ ರಚನೆಯೊಳಗೇ ಸೇರಿತು: ವ್ಯವಸ್ಥೆಯ ಸಾಧನಗಳಿಗೆಂದೇ ಪ್ಲಾಟ್‌ಫಾರ್ಮ್-ಪೈಥಾನ್ ಎಂಬ ಪ್ರತ್ಯೇಕ ಇಂಟರ್‌ಪ್ರಿಟರ್ ಇಟ್ಟರು.

ಜಿಯುಎಫ್‌ಡಬ್ಲ್ಯು ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. ಅದನ್ನು ಎಬ್ಬಿಸುವ ಶೆಲ್ ಸ್ಕ್ರಿಪ್ಟ್ ಮುಖ್ಯ ಪ್ರೋಗ್ರಾಂ ಇರುವ ಜಾಗವನ್ನು ಪೈಥಾನ್ ಆವೃತ್ತಿಗಳ ಸಿದ್ಧ ಪಟ್ಟಿಯೊಂದರಿಂದ ಹುಡುಕುತ್ತಿತ್ತು. ಆರ್ಚ್‌ನಂಥ ನಿರಂತರ ಅಪ್‌ಡೇಟ್‌ನ ವಿತರಣೆಗಳಲ್ಲಿ ಪಟ್ಟಿಯಲ್ಲಿಲ್ಲದ ಹೊಸ ಪೈಥಾನ್ ಬಂದಾಗ ಗುಪ್ತಪದ ಕೇಳಿದ ಮೇಲೆ ಏನೂ ತೆರೆಯುತ್ತಿರಲಿಲ್ಲ, ದೋಷ ಸಂದೇಶವೂ ಕಾಣುತ್ತಿರಲಿಲ್ಲ. ಇನ್ನು ಪೈಥಾನ್‌ನ ಸ್ವಂತ ಭಾಗಗಳೇ ಮರೆಯಾಗುವುದೂ ಉಂಟು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಮತ್ತು ಐಎಂಪಿ ಮಾಡ್ಯೂಲ್‌ಗಳನ್ನು ತೆಗೆದುಹಾಕಿದ್ದರಿಂದ ಅವನ್ನು ಕರೆಯುತ್ತಿದ್ದ ಹಳೆಯ ಸಂಕೇತಗಳೆಲ್ಲ ಅಲ್ಲಿಯೇ ನಿಂತವು. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ಮೂಲ (ರೂಟ್) ಬಳಕೆದಾರನಾಗಿ ಹಾಕಿದ ಮಾಡ್ಯೂಲ್‌ಗಳು ವಿತರಣೆಯ ಮಾಡ್ಯೂಲ್‌ಗಳನ್ನು ಮರೆಮಾಚಿ ಇದೇ ಬಗೆಯ ಕ್ರ್ಯಾಶ್ ತರುತ್ತವೆ. 2023ರ ಡೆಬಿಯನ್ 12ರಿಂದ ಇಂಥ ಅನುಸ್ಥಾಪನೆಯನ್ನು ಪಿಪ್ ಪೂರ್ವನಿಗದಿತವಾಗಿ ನಿರಾಕರಿಸುತ್ತದೆ.

ಚಿತ್ರಾತ್ಮಕ ಪದರದವು. ಕಿಟಕಿ ಬಿಡಿಸಲು ಬೇಕಾದ ಜಿಟಿಕೆ, ವೆಬ್‌ಕಿಟ್ ಲೈಬ್ರರಿಗಳನ್ನು ಪೈಥಾನ್ ತಲುಪುವುದು ಟೈಪ್‌ಲಿಬ್ ಕಡತಗಳ ಮೂಲಕ. ಪ್ರೋಗ್ರಾಂ ಕೇಳುವ ಆವೃತ್ತಿಯ ಟೈಪ್‌ಲಿಬ್ ಇಲ್ಲದಿದ್ದರೆ ನೇಮ್‌ಸ್ಪೇಸ್ ಲಭ್ಯವಿಲ್ಲ ಎಂಬ ಸಂದೇಶ ಬರುತ್ತದೆ. ವೆಬ್‌ಕಿಟ್‌ನ 4.0 ರೂಪ ಹೋಗಿ 4.1 ಬಂದಾಗ, ಹಳೆಯದನ್ನೇ ಹೆಸರಿಸಿ ಕೇಳುತ್ತಿದ್ದ ಪ್ರೋಗ್ರಾಂಗಳು ಈ ತೊಡಕಿಗೆ ಸಿಕ್ಕವು.

ಅನುಮತಿಯ ತೊಡಕು ವೇಲ್ಯಾಂಡ್ ಎಂಬ ಡಿಸ್‌ಪ್ಲೇ ವ್ಯವಸ್ಥೆಯೊಂದಿಗೆ ಬಂತು. 2016ರ ಫೆಡೋರಾ 25ರಲ್ಲಿ ಗ್ನೋಮ್ ಪೂರ್ವನಿಗದಿತವಾಗಿ ವೇಲ್ಯಾಂಡ್‌ಗೆ ಬದಲಾದಾಗ, ಮೂಲ ಬಳಕೆದಾರನ ಹೆಸರಿನಲ್ಲಿ ಕಿಟಕಿ ತೆರೆಯುತ್ತಿದ್ದ ಹಲವು ಸಾಧನಗಳಿಗೆ ಡಿಸ್‌ಪ್ಲೇ ಸಿಗದಾಯಿತು. ಫೈರ್‌ವಾಲ್-ಕಾನ್ಫಿಗ್‌ಗೆ ಇದರ ಬಾಧೆ ಇಲ್ಲ. ಅದು ಸಾಮಾನ್ಯ ಬಳಕೆದಾರನಾಗಿಯೇ ತೆರೆದು, ಬೇಕಾದಾಗ ಮಾತ್ರ ಪೋಲ್‌ಕಿಟ್ ಮೂಲಕ ಅನುಮತಿ ಕೇಳುತ್ತದೆ. ಅದನ್ನು ಸುಡೋ ಹಾಕಿ ಕರೆಯುವುದು ಹಳೆಯ ಅಭ್ಯಾಸ, ಅನಗತ್ಯ ಕೂಡ.

ಡಿ-ಬಸ್ ಪದರದವು. ಅಪ್‌ಗ್ರೇಡ್ ನಡೆಯುತ್ತಿರುವಾಗಲೇ ಡಿ-ಬಸ್ ಮರುಪ್ರಾರಂಭವಾದರೆ ಫೈರ್‌ವಾಲ್‌ಡಿ ಅದರ ಮೇಲೆ ನೋಂದಾಯಿಸಿದ್ದ ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ. ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲೆಕ್ಕದಲ್ಲಿ ಸೇವೆ ಓಡುತ್ತಿರುತ್ತದೆ. ಫೈರ್‌ವಾಲ್-ಸಿಎಂಡಿ ಮಾತ್ರ ಓಡುತ್ತಿಲ್ಲ ಎನ್ನುತ್ತದೆ. ಎರಡೂ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತವೆ. ಗಣಕವನ್ನು ಮರುಪ್ರಾರಂಭಿಸುವುದು ಇಲ್ಲಿ ಸೋಮಾರಿತನದ ಸಲಹೆಯಲ್ಲ, ಸರಿಯಾದ ಪರಿಹಾರ. ಲಾಕ್‌ಡೌನ್ ಸೌಲಭ್ಯ ಚಾಲೂ ಇರುವ ಗಣಕಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನುಮತಿಸಿದ ಪ್ರೋಗ್ರಾಂಗಳ ಪಟ್ಟಿಯಲ್ಲಿ ಇಂಟರ್‌ಪ್ರಿಟರ್‌ನ ಪೂರ್ಣ ಹಾದಿಯೂ ಬರೆದಿರುತ್ತದೆ. ಅಪ್‌ಗ್ರೇಡ್‌ನಲ್ಲಿ ಹಾದಿ ಬದಲಾದರೆ ಫೈರ್‌ವಾಲ್-ಕಾನ್ಫಿಗ್ ತನ್ನದೇ ಸೇವೆಯಿಂದ ಹೊರಗುಳಿಯುತ್ತದೆ.

ಕರ್ನಲ್ ಮತ್ತು ಬ್ಯಾಕೆಂಡ್ ಪದರದವು. ಆರ್ಚ್‌ನಲ್ಲಿ ಕರ್ನಲ್ ಪ್ಯಾಕೇಜ್ ಅಪ್‌ಗ್ರೇಡ್ ಆದೊಡನೆ ಹಳೆಯ ಕರ್ನಲ್‌ನ ಮಾಡ್ಯೂಲ್ ಕೋಶ ಅಳಿಯುತ್ತದೆ. ಓಡುತ್ತಿರುವುದು ಮಾತ್ರ ಹಳೆಯ ಕರ್ನಲ್ಲೇ. ಆಗ ಫೈರ್‌ವಾಲ್ ಸೇವೆಯನ್ನು ಮರುಪ್ರಾರಂಭಿಸಿದರೆ ಬೇಕಾದ ನೆಟ್‌ಫಿಲ್ಟರ್ ಮಾಡ್ಯೂಲ್ ಸಿಗದೆ, ಕಡತವಿಲ್ಲ ಎಂಬ ದಾರಿತಪ್ಪಿಸುವ ಸಂದೇಶದೊಂದಿಗೆ ಎನ್‌ಎಫ್‌ಟೇಬಲ್ಸ್ ಆದೇಶ ಸೋಲುತ್ತದೆ. ಇಲ್ಲದಿರುವುದು ಸಂರಚನಾ ಕಡತವಲ್ಲ, ಕರ್ನಲ್ ಮಾಡ್ಯೂಲ್. ಆತಿಥೇಯನ ಕರ್ನಲ್ ಹಂಚಿಕೊಳ್ಳುವ ಕಂಟೇನರ್ ಮಾದರಿಯ ಬಾಡಿಗೆ ಸರ್ವರ್‌ಗಳಲ್ಲಿ ಇದೇ ತೊಡಕು ಮರುಪ್ರಾರಂಭದಿಂದಲೂ ನೀಗುವುದಿಲ್ಲ, ಮಾಡ್ಯೂಲ್ ತುಂಬುವ ಅಧಿಕಾರ ಆತಿಥೇಯನದು.

ಐಪಿಟೇಬಲ್ಸ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಪ್ರೋಗ್ರಾಂಗಳಿರುವುದು ಇನ್ನೊಂದು ಗೊಂದಲ. 2018ರ 1.8.0ರಿಂದ ಹಳೆಯ ಲೆಗಸಿ ರೂಪದ ಜೊತೆಗೆ, ಒಳಗೆ ಎನ್‌ಎಫ್‌ಟೇಬಲ್ಸ್ ಬಳಸುವ ಎನ್‌ಎಫ್‌ಟಿ ರೂಪವೂ ಬಂತು. 2019ರ ಡೆಬಿಯನ್ 10 ಎರಡನೆಯದನ್ನು ಪೂರ್ವನಿಗದಿತವಾಗಿಸಿತು. ಒಂದು ಸಾಧನ ಒಂದರಲ್ಲಿ, ಮತ್ತೊಂದು ಸಾಧನ ಇನ್ನೊಂದರಲ್ಲಿ ನಿಯಮ ಬರೆದರೆ ಯಾರ ಪಟ್ಟಿಯೂ ಪೂರ್ಣವಾಗಿರದು. ಐಪಿಟೇಬಲ್ಸ್ ಆವೃತ್ತಿಯನ್ನು ಕಂಡುಹಿಡಿಯಲಾಗಲಿಲ್ಲ ಎಂದು ಯುಎಫ್‌ಡಬ್ಲ್ಯು ನಿಲ್ಲುವುದು ಆ ಆದೇಶವೇ ಸಿಗದಾಗ ಅಥವಾ ಓಡದಾಗ. ತಪ್ಪು ಯುಎಫ್‌ಡಬ್ಲ್ಯು ಕಡೆಯದಲ್ಲ.

ಸಂರಚನಾ ಕಡತಗಳವು. ಸಾಧನದ ಹೊಸ ಆವೃತ್ತಿ ಹಳೆಯ ಕಡತವನ್ನು ಒಪ್ಪದಿರುವುದೂ ಸಾಮಾನ್ಯ. 2021ರ ಜುಲೈನ ಫೈರ್‌ವಾಲ್‌ಡಿ 1.0 ಇಂಥ ಗಡಿಗೆರೆ. ಪೈಥಾನ್ 2ರ ಬೆಂಬಲ ಅದರಲ್ಲಿ ಕೊನೆಗೊಂಡಿತು. ಒಂದೇ ವಲಯದ ಇಂಟರ್‌ಫೇಸ್‌ಗಳ ನಡುವಿನ ಸಾಗಣೆ ಪೂರ್ವನಿಗದಿತವಾಗಿ ತೆರೆಯಿತು. ವಲಯಗಳ ನಡುವೆ ಪ್ಯಾಕೆಟ್ ಜಾರಲು ಬಿಡುತ್ತಿದ್ದ ಹಳೆಯ ಆಯ್ಕೆ ಹೋಯಿತು. ಟಿಎಫ್‌ಟಿಪಿ-ಕ್ಲೈಂಟ್ ಎಂಬ ಸೇವಾ ವ್ಯಾಖ್ಯೆಯನ್ನು ತೆಗೆಯಲಾಯಿತು. ಇವುಗಳಲ್ಲಿ ಕೊನೆಯದು ಚಿಕ್ಕದಾಗಿ ಕಂಡರೂ, ಆ ಹೆಸರನ್ನು ಉಳಿಸಿಕೊಂಡ ವಲಯದ ಕಡತ ಹೊಸ ಆವೃತ್ತಿಗೆ ಅಮಾನ್ಯ ಸೇವೆಯ ದೋಷವಾಗಿ ಕಾಣುತ್ತದೆ. ಐಪಿಸೆಟ್ ಪಟ್ಟಿಗಳಲ್ಲಿ ಒಂದರೊಳಗೊಂದು ಸೇರುವ ವಿಳಾಸ ವ್ಯಾಪ್ತಿಗಳಿದ್ದರೆ, ಹಳೆಯ ಬ್ಯಾಕೆಂಡ್ ಸಹಿಸಿಕೊಂಡಿದ್ದನ್ನು ಎನ್‌ಎಫ್‌ಟೇಬಲ್ಸ್ ಅತಿಕ್ರಮಣವೆಂದು ತಿರಸ್ಕರಿಸುತ್ತದೆ. ದೇಶವಾರು ವಿಳಾಸ ಪಟ್ಟಿಗಳನ್ನು ಒಂದರ ಮೇಲೊಂದು ಸುರಿದು ಕಟ್ಟಿದ ಸೆಟ್‌ಗಳಲ್ಲಿ ಈ ದೋಷ ಸುಲಭವಾಗಿ ಏಳುತ್ತದೆ.

ನೆರೆಯ ತಂತ್ರಾಂಶದಿಂದಾದವು. ಕಂಟೇನರ್‌ಗಳನ್ನು ನಡೆಸುವ ಡಾಕರ್‌ನ 2020ರ ಡಿಸೆಂಬರ್‌ನ ಆವೃತ್ತಿ 20.10 ಫೈರ್‌ವಾಲ್‌ಡಿಯಲ್ಲಿ ತನ್ನದೇ ವಲಯವನ್ನು ತೆರೆದು ಡಾಕರ್0 ಸೇತುವೆಯನ್ನು ಅದಕ್ಕೆ ಕಟ್ಟತೊಡಗಿತು. ಅದಕ್ಕೂ ಮುಂಚೆ ಆಡಳಿತಗಾರರು ಅದೇ ಸೇತುವೆಯನ್ನು ನಂಬಿಕೆಯ ವಲಯಕ್ಕೆ ಸೇರಿಸಿಟ್ಟಿದ್ದ ಗಣಕಗಳಲ್ಲಿ ವಲಯ ಸಂಘರ್ಷದ ದೋಷ ಬಂದು ಡಾಕರ್ ಸೇವೆಯೇ ಏಳಲಿಲ್ಲ. ಸೇತುವೆಯನ್ನು ಹಳೆಯ ವಲಯದಿಂದ ಶಾಶ್ವತವಾಗಿ ತೆಗೆದರೆ ತೊಡಕು ತೀರುತ್ತದೆ.

ಪತ್ತೆಯ ಕ್ರಮ

ಮೊದಲು ನೋಡಬೇಕಾದದ್ದು ಸಾಧನವನ್ನಲ್ಲ, ಗಣಕದ ಸ್ಥಿತಿಯನ್ನು. ಎನ್‌ಎಫ್‌ಟಿ ಆದೇಶದ ನಿಯಮಪಟ್ಟಿಯಲ್ಲಿ ಫೈರ್‌ವಾಲ್‌ಡಿ ಹೆಸರಿನ ಕೋಷ್ಟಕ ಇದೆಯೇ, ಐಪಿಟೇಬಲ್ಸ್‌ನ ಎರಡೂ ರೂಪಗಳಲ್ಲಿ ಏನಿದೆ, ಇನ್ನೊಂದು ಗಣಕದಿಂದ ಮುಚ್ಚಿರಬೇಕಾದ ಪೋರ್ಟ್ ತಟ್ಟಿದರೆ ಏನಾಗುತ್ತದೆ ಎಂಬುದು ಖಚಿತವಾದ ಮೇಲೆ ಉಳಿದದ್ದಕ್ಕೆ ಕೈಹಾಕಬೇಕು. ರಕ್ಷಣೆ ಇಲ್ಲವೆಂದು ಗೊತ್ತಾದರೆ ದುರಸ್ತಿಗೂ ಮುನ್ನ ಅಗತ್ಯದ ಪೋರ್ಟ್‌ಗಳನ್ನಷ್ಟೇ ಬಿಡುವ ಚಿಕ್ಕ ನಿಯಮಪಟ್ಟಿಯೊಂದನ್ನು ನೇರವಾಗಿ ಎನ್‌ಎಫ್‌ಟಿ ಮೂಲಕ ಹಾಕಬಹುದು.

ಬಳಿಕ ಪದರವನ್ನು ಗುರುತಿಸಬೇಕು. ಚಿತ್ರಾತ್ಮಕ ಸಾಧನವನ್ನು ಮೆನುವಿನಿಂದ ತೆರೆದರೆ ದೋಷ ಸಂದೇಶ ಕಾಣದೆ ಹೋಗುತ್ತದೆ, ಟರ್ಮಿನಲ್‌ನಿಂದಲೇ ತೆರೆಯಬೇಕು. ಕಿಟಕಿ ಬೀಳುತ್ತಿದ್ದರೂ ಫೈರ್‌ವಾಲ್-ಸಿಎಂಡಿ ಕೆಲಸ ಮಾಡುತ್ತಿದ್ದರೆ ಸೇವೆ ಮತ್ತು ಕರ್ನಲ್ ನಿರ್ದೋಷಿಗಳು. ಎರಡೂ ಸೋತರೆ ಸಿಸ್ಟಂಸಿಟಿಎಲ್‌ನಲ್ಲಿ ಸೇವೆಯ ಸ್ಥಿತಿ ನೋಡಬೇಕು. ಸ್ಥಿತಿ ಕೇಳಿದಾಗ ಫೈರ್‌ವಾಲ್-ಸಿಎಂಡಿ ಹಿಂತಿರುಗಿಸುವ ಸಂಖ್ಯೆಯೂ ಸುಳಿವೇ: 252 ಎಂದರೆ ಸೇವೆ ಓಡುತ್ತಿಲ್ಲ, 251 ಎಂದರೆ ಓಡುತ್ತಿದೆ ಆದರೆ ಸಂರಚನೆ ತುಂಬುವಲ್ಲಿ ಸೋತಿದೆ.

ಸೇವೆಯ ದಾಖಲೆ ಜರ್ನಲ್‌ಸಿಟಿಎಲ್‌ನಲ್ಲೂ ವಾರ್ ಕೋಶದ ಲಾಗ್ ಉಪಕೋಶದ ಫೈರ್‌ವಾಲ್‌ಡಿ ಕಡತದಲ್ಲೂ ಸಿಗುತ್ತದೆ. ಅಷ್ಟು ಸಾಲದಿದ್ದರೆ ಸೇವೆಯನ್ನು ನಿಲ್ಲಿಸಿ, ಮುನ್ನೆಲೆಯಲ್ಲಿ ಡೀಬಗ್ ಆಯ್ಕೆಯೊಂದಿಗೆ ಓಡಿಸಬಹುದು. ಡೀಬಗ್ ಮಟ್ಟ 1ರಿಂದ 10ರವರೆಗಿದೆ. ನಿಲ್ಲಿಸಿದರೆ ನಿಯಮಗಳು ಹೋಗುತ್ತವೆ ಎಂಬುದನ್ನು ಈ ಹಂತದಲ್ಲಿ ನೆನಪಿಡಬೇಕು. ಟ್ರೇಸ್‌ಬ್ಯಾಕ್ ಓದುವಾಗ ಕೊನೆಯ ಸಾಲಿನಿಂದ ಮೇಲಕ್ಕೆ ಹೋಗಬೇಕು: ಏನು ತಪ್ಪಾಯಿತೆಂದು ಕೊನೆಯ ಸಾಲು ಹೇಳಿದರೆ, ಯಾವ ಕೋಶದ ಕಡತದಲ್ಲಿ ಎಂಬುದು ಅದರ ಮೇಲಿನ ಸಾಲುಗಳಲ್ಲಿರುತ್ತದೆ. ಹಾದಿಯಲ್ಲಿ ಯುಎಸ್‌ಆರ್ ಕೋಶದ ಲೋಕಲ್ ಉಪಕೋಶ ಕಂಡರೆ ವಿತರಣೆಯದಲ್ಲದ ಮಾಡ್ಯೂಲ್ ನಡುವೆ ಬಂದಿದೆ ಎಂದರ್ಥ. ಟ್ರೇಸ್‌ಬ್ಯಾಕ್ ಇಲ್ಲದ ಸೆಗ್ಮೆಂಟೇಷನ್ ಫಾಲ್ಟ್‌ಗೆ ಕೋರ್‌ಡಂಪ್‌ಸಿಟಿಎಲ್, ಫೆಡೋರಾದಲ್ಲಿ ಎಬಿಆರ್‌ಟಿ, ಉಬುಂಟುವಿನಲ್ಲಿ ಅಪೋರ್ಟ್ ನೆರವಾಗುತ್ತವೆ.

ಪ್ಯಾಕೇಜ್‌ನ ಕಡತಗಳು ಹಾಗೇ ಇವೆಯೇ ಎಂದು ಆರ್‌ಪಿಎಂ, ಡಿಪಿಕೆಜಿ, ಪ್ಯಾಕ್‌ಮನ್ ಮೂರರ ಪರಿಶೀಲನಾ ಆಯ್ಕೆಗಳೂ ಹೇಳುತ್ತವೆ. ಸಂರಚನೆಯನ್ನು ಮಾತ್ರ ಪರೀಕ್ಷಿಸಲು ಫೈರ್‌ವಾಲ್-ಸಿಎಂಡಿಯಲ್ಲಿ ಚೆಕ್-ಕಾನ್ಫಿಗ್ ಆಯ್ಕೆ ಇದೆ. ಯುಎಫ್‌ಡಬ್ಲ್ಯು ಜೊತೆಗೆ ಬರುವ ಚೆಕ್-ರಿಕ್ವೈರ್‌ಮೆಂಟ್ಸ್ ಸ್ಕ್ರಿಪ್ಟ್ ಕರ್ನಲ್‌ನಲ್ಲಿ ಬೇಕಾದ ಸೌಲಭ್ಯಗಳಿವೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತದೆ. ಎಸ್‌ಇಲಿನಕ್ಸ್ ಇರುವಲ್ಲಿ ಅದರ ನಿರಾಕರಣೆಗಳನ್ನೂ ಆಡಿಟ್ ದಾಖಲೆಯಲ್ಲಿ ಹುಡುಕಬೇಕು.

ಭಾಷೆಯ ಸಂಗತಿಯೊಂದು ಇಲ್ಲಿ ಸೇರುತ್ತದೆ. ಫೈರ್‌ವಾಲ್‌ಡಿಯ ಅನುವಾದಗಳಲ್ಲಿ ಕನ್ನಡದ್ದೂ ಇದೆ. ಕನ್ನಡ ಸೆಟ್ಟಿಂಗ್‌ನ ಗಣಕದಲ್ಲಿ ಕಿಟಕಿಯ ಪದಗಳು ಕನ್ನಡದಲ್ಲಿ ಕಾಣಬಹುದು, ಟ್ರೇಸ್‌ಬ್ಯಾಕ್ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ. ದೋಷವರದಿ ಸಲ್ಲಿಸುವಾಗ ಎಲ್‌ಸಿ-ಆಲ್ ಚರಾಂಶಕ್ಕೆ ಸಿ ಎಂಬ ಬೆಲೆ ಕೊಟ್ಟು ಸಾಧನವನ್ನು ಮತ್ತೆ ಓಡಿಸಿದರೆ ಎಲ್ಲ ಸಂದೇಶಗಳೂ ಮೂಲರೂಪದಲ್ಲಿ ಬರುತ್ತವೆ. ಹಾಗೆ ಓಡಿಸಿದಾಗ ಕ್ರ್ಯಾಶ್ ನಿಂತರೆ ದೋಷ ಅನುವಾದ ಕಡತದಲ್ಲೋ ಅಕ್ಷರ ಎನ್‌ಕೋಡಿಂಗ್‌ನಲ್ಲೋ ಇದೆ ಎಂಬುದೂ ತಿಳಿಯುತ್ತದೆ.

ದುರಸ್ತಿ

ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದ್ದರೆ ಅದನ್ನು ಪೂರ್ಣಗೊಳಿಸುವುದು ಮೊದಲ ಕೆಲಸ. ಹೊಸ ಸಾಧನ, ಹಳೆಯ ಲೈಬ್ರರಿ ಎಂಬ ಮಿಶ್ರಸ್ಥಿತಿಯಲ್ಲಿ ಬೇರಾವ ಪ್ರಯೋಗವೂ ನೆಚ್ಚತಕ್ಕದ್ದಲ್ಲ. ಕರ್ನಲ್ ಬದಲಾಗಿದ್ದರೆ ಗಣಕವನ್ನು ಮರುಪ್ರಾರಂಭಿಸಬೇಕು. ಬಳಿಕವೂ ಪೈಥಾನ್ ಮಾಡ್ಯೂಲ್ ಕಾಣದಿದ್ದರೆ ಸಾಧನದ ಜೊತೆಗೆ ಪೈಜಿಆಬ್ಜೆಕ್ಟ್, ಡಿ-ಬಸ್ ಪೈಥಾನ್, ಎನ್‌ಎಫ್‌ಟೇಬಲ್ಸ್ ಪೈಥಾನ್ ಪ್ಯಾಕೇಜ್‌ಗಳನ್ನೂ ವಿತರಣೆಯ ಭಂಡಾರದಿಂದ ಮರುಅನುಸ್ಥಾಪಿಸಬೇಕು. ಕಾಣದ ಮಾಡ್ಯೂಲ್ ಅನ್ನು ಪಿಪ್‌ನಿಂದ ತುಂಬಿಕೊಳ್ಳುವುದು ಇಂದಿನ ದೋಷವನ್ನು ಮುಂದಿನ ಅಪ್‌ಗ್ರೇಡ್‌ಗೆ ದಾಟಿಸುವ ದಾರಿ.

ಸಂರಚನೆಯ ಮೇಲೆ ಸಂಶಯವಿದ್ದರೆ ಇಟಿಸಿಯಲ್ಲಿನ ಫೈರ್‌ವಾಲ್‌ಡಿ ಕೋಶವನ್ನು ಅಳಿಸದೆ ಬೇರೆಡೆಗೆ ಸರಿಸಿ ಸೇವೆಯನ್ನು ಎಬ್ಬಿಸಿ ನೋಡಬೇಕು. ಆಗ ಎದ್ದರೆ ಹಳೆಯ ವಲಯಗಳನ್ನು ಒಂದೊಂದಾಗಿ ಮರಳಿಸುತ್ತ ಕೆಟ್ಟ ಕಡತವನ್ನು ಹಿಡಿಯಬಹುದು. ವಲಯ ಬದಲಾದಾಗಲೆಲ್ಲ ಅದರ ಹಿಂದಿನ ಪ್ರತಿಯನ್ನು ಫೈರ್‌ವಾಲ್‌ಡಿ ಹೆಸರಿನ ಕೊನೆಗೆ ಓಲ್ಡ್ ಸೇರಿಸಿ ಉಳಿಸಿಟ್ಟಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೇವೆ ಏಳದ ಸ್ಥಿತಿಯಲ್ಲೂ ಶಾಶ್ವತ ಸಂರಚನೆಯನ್ನು ತಿದ್ದಲು ಫೈರ್‌ವಾಲ್-ಆಫ್‌ಲೈನ್-ಸಿಎಂಡಿ ಇದೆ. ಅಪ್‌ಗ್ರೇಡ್ ಬಿಟ್ಟುಹೋದ ಆರ್‌ಪಿಎಂನ್ಯೂ, ಡಿಪಿಕೆಜಿ-ಡಿಸ್ಟ್, ಪ್ಯಾಕ್‌ನ್ಯೂ ಕೊನೆಯ ಕಡತಗಳನ್ನು ಚಾಲ್ತಿಯ ಕಡತದೊಂದಿಗೆ ಹೋಲಿಸಿ ನೋಡಬೇಕು. ಯುಎಫ್‌ಡಬ್ಲ್ಯು ರೀಸೆಟ್ ಆದೇಶವು ಹಳೆಯ ನಿಯಮಗಳ ಪ್ರತಿಯನ್ನು ದಿನಾಂಕ ಸಮೇತ ಉಳಿಸಿ, ಫೈರ್‌ವಾಲ್ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಮತ್ತೆ ಸಕ್ರಿಯಗೊಳಿಸುವುದನ್ನು ಮರೆಯಬಾರದು.

ಎನ್‌ಎಫ್‌ಟೇಬಲ್ಸ್ ಬ್ಯಾಕೆಂಡ್ ಮಾತ್ರ ತೊಡಕಾದಾಗ ಫೈರ್‌ವಾಲ್‌ಡಿಯ ಮುಖ್ಯ ಸಂರಚನಾ ಕಡತದಲ್ಲಿ ಬ್ಯಾಕೆಂಡ್ ಆಗಿ ಐಪಿಟೇಬಲ್ಸ್ ಬರೆದು ತಾತ್ಕಾಲಿಕವಾಗಿ ದಾಟಿಕೊಳ್ಳಬಹುದು. 1.0ರಿಂದ ಆ ಬ್ಯಾಕೆಂಡ್ ಅಪ್ರಚಲಿತವೆಂದು ಘೋಷಿತವಾಗಿರುವುದರಿಂದ ಇದು ಶಾಶ್ವತ ಪರಿಹಾರವಾಗದು. ಏನೂ ಕೈಗೂಡದಿದ್ದರೆ ಹಿಂದಿನ ಆವೃತ್ತಿಗೆ ಇಳಿಯುವ ದಾರಿ ಇದೆ: ಡಿಎನ್‌ಎಫ್ ಇತಿಹಾಸದ ವಹಿವಾಟನ್ನು ರದ್ದುಪಡಿಸುವುದು, ಪ್ಯಾಕ್‌ಮನ್ ಕ್ಯಾಶ್‌ನಲ್ಲಿರುವ ಹಳೆಯ ಪ್ಯಾಕೇಜ್ ಹಾಕುವುದು, ಓಪನ್‌ಸೂಸೆಯಲ್ಲಿ ಸ್ನ್ಯಾಪರ್ ತೆಗೆದಿಟ್ಟ ಚಿತ್ರಕ್ಕೆ ಮರಳುವುದು. ಹಾಗೆ ಇಳಿಸಿ ಹಿಡಿದಿಟ್ಟ ಪ್ಯಾಕೇಜ್‌ಗೆ ಭದ್ರತಾ ತಿದ್ದುಪಡಿಗಳೂ ಬರುವುದಿಲ್ಲ.

ದೂರದ ಗಣಕದಲ್ಲಿ ಕೆಲಸ

ಎಸ್‌ಎಸ್‌ಎಚ್ ಮೂಲಕ ತಲುಪಿದ ಗಣಕದ ಫೈರ್‌ವಾಲ್ ದುರಸ್ತಿಯಲ್ಲಿ ಒಂದು ತಪ್ಪು ನಿಯಮ ದುರಸ್ತಿ ಮಾಡುವವರನ್ನೇ ಹೊರಗಿಡಬಹುದು. ಇದಕ್ಕಾಗಿ ತಾನಾಗಿಯೇ ಹಿಂದೆ ಸರಿಯುವ ವ್ಯವಸ್ಥೆಗಳು ರೂಪುಗೊಂಡಿವೆ. ಐಪಿಟೇಬಲ್ಸ್-ಅಪ್ಲೈ ಹೊಸ ನಿಯಮ ಹಾಕಿ, ನಿಗದಿತ ಸೆಕೆಂಡುಗಳಲ್ಲಿ ಒಪ್ಪಿಗೆ ಬರದಿದ್ದರೆ ಹಳೆಯದಕ್ಕೆ ಮರಳುತ್ತದೆ. ಫೈರ್‌ವಾಲ್-ಸಿಎಂಡಿಯ ಟೈಮ್‌ಔಟ್ ಆಯ್ಕೆ ನಿಯಮವೊಂದಕ್ಕೆ ಆಯಸ್ಸು ಕಟ್ಟುತ್ತದೆ. ಅದರ ರೀಲೋಡ್ ಆದೇಶ ಇರುವ ಸಂಪರ್ಕಗಳನ್ನು ಕಾಯ್ದುಕೊಳ್ಳುತ್ತದೆ, ಕಂಪ್ಲೀಟ್-ರೀಲೋಡ್ ಕಡಿದುಹಾಕುವ ಸಾಧ್ಯತೆ ಹೆಚ್ಚು. ಎರಡನೆಯದನ್ನು ತೀರ ಅನಿವಾರ್ಯವಾದಾಗಲಷ್ಟೇ ಬಳಸಬೇಕು. ಸರ್ವರ್ ಒದಗಿಸುವವರ ಸೀರಿಯಲ್ ಅಥವಾ ವೆಬ್ ಕನ್ಸೋಲ್ ತೆರೆಯುತ್ತದೆಯೇ ಎಂದು ಮೊದಲೇ ನೋಡಿಕೊಂಡಿದ್ದರೆ ಎಸ್‌ಎಸ್‌ಎಚ್ ಕಡಿದುಹೋದಾಗಲೂ ಒಳಹೋಗುವ ದಾರಿ ಉಳಿಯುತ್ತದೆ.

ಅಪ್‌ಗ್ರೇಡ್‌ಗೆ ಮುಂಚೆ ಇಟಿಸಿಯ ಫೈರ್‌ವಾಲ್ ಕೋಶವನ್ನೂ ಎನ್‌ಎಫ್‌ಟಿ ನಿಯಮಪಟ್ಟಿಯ ಪಠ್ಯಪ್ರತಿಯನ್ನೂ ತೆಗೆದಿಡುವುದಕ್ಕೆ ಒಂದು ನಿಮಿಷ ಸಾಕು. ಓಡುತ್ತಿರುವ ಸಂರಚನೆ ಮತ್ತು ಶಾಶ್ವತ ಸಂರಚನೆ ಬೇರೆ ಬೇರೆಯಾಗಿದ್ದರೆ ರನ್‌ಟೈಮ್-ಟು-ಪರ್ಮನೆಂಟ್ ಆಯ್ಕೆಯಿಂದ ಮೊದಲೇ ಒಂದುಗೂಡಿಸಬೇಕು. ಇಲ್ಲದಿದ್ದರೆ ಮರುಪ್ರಾರಂಭದ ನಂತರ ಕಾಣೆಯಾದ ನಿಯಮವನ್ನು ಅಪ್‌ಗ್ರೇಡ್‌ನ ದೋಷವೆಂದು ತಪ್ಪಾಗಿ ತಿಳಿಯುವಂತಾಗುತ್ತದೆ.

ಇಂದಿನ ಸ್ಥಿತಿ

ಬ್ಯಾಕೆಂಡ್ ಬದಲಾವಣೆಯ ಗದ್ದಲ ಬಹುಮಟ್ಟಿಗೆ ತಣ್ಣಗಾಗಿದೆ. 2019ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಎನ್‌ಎಫ್‌ಟೇಬಲ್ಸ್‌ಗೆ ಹೋಯಿತು, 2020ರ ಫೆಡೋರಾ 32ರಲ್ಲಿ ಫೈರ್‌ವಾಲ್‌ಡಿಯೂ ಅದನ್ನೇ ಪೂರ್ವನಿಗದಿತವಾಗಿ ಬಳಸತೊಡಗಿತು. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿರುವುದರಿಂದ ಅದರ ಪೈಥಾನ್ ಕೊಂಡಿಯ ಕ್ರ್ಯಾಶ್ ಹಳೆಯ ಸರ್ವರ್‌ಗಳಲ್ಲಷ್ಟೇ ಉಳಿದಿದೆ; ಅಂಥ ಸರ್ವರ್‌ಗಳನ್ನು ದುರಸ್ತಿ ಮಾಡುವುದಕ್ಕಿಂತ ಹೊಸ ವಿತರಣೆಗೆ ಸಾಗಿಸುವುದು ಉಚಿತ. ಸೂಸೆಯ ಹಳೆಯ ನಿಯಮಗಳನ್ನು ಫೈರ್‌ವಾಲ್‌ಡಿಗೆ ತಿರುಗಿಸಲು ಪ್ರತ್ಯೇಕ ಸ್ಕ್ರಿಪ್ಟ್ ಇದೆ. ಶೋರ್‌ವಾಲ್ ಬಳಸುವವರ ಸ್ಥಿತಿ ಇಷ್ಟು ಸುಲಭದ್ದಲ್ಲ. ಅದು ಐಪಿಟೇಬಲ್ಸ್ ಭಾಷೆಯನ್ನೇ ನೆಚ್ಚಿಕೊಂಡಿರುವುದರಿಂದ ಎನ್‌ಎಫ್‌ಟಿ ರೂಪದ ಹೊಂದಾಣಿಕೆ ಪದರದ ಮೇಲೆ ಅದರ ಬಾಳುವೆ ನಿಂತಿದೆ.

ಫೈರ್‌ವಾಲ್‌ಡಿಯ ಈಚಿನ ಆವೃತ್ತಿಗಳು ಕೆಟ್ಟ ಸಂರಚನೆ ಎದುರಾದರೆ ಸುಮ್ಮನೆ ನಿಲ್ಲದೆ, ಪೂರ್ವನಿಗದಿತ ಸುರಕ್ಷಿತ ನಿಯಮಗಳಿಗೆ ಸರಿದು, ತಾವು ಸೋತಿರುವುದನ್ನು ಸ್ಥಿತಿಯಲ್ಲಿ ತಿಳಿಸುತ್ತವೆ. ಒಡೆತನದ ಗುರುತು ಬಂದ ಮೇಲೆ ಬೇರೆ ಪ್ರೋಗ್ರಾಂಗಳು ಅದರ ಕೋಷ್ಟಕವನ್ನು ತಿದ್ದುವುದೂ ತಪ್ಪಿದೆ. ಫೈರ್‌ವಾಲ್‌ಡಿಯ ಕೋಷ್ಟಕದೊಳಗೆ ಕೈಯಾರೆ ನಿಯಮ ಸೇರಿಸುತ್ತಿದ್ದ ಹಳೆಯ ಸ್ಕ್ರಿಪ್ಟ್‌ಗಳು ಅಪ್‌ಗ್ರೇಡ್ ನಂತರ ವಿಫಲವಾಗುವುದಕ್ಕೆ ಇದೂ ಒಂದು ಹೊಸ ಕಾರಣ.